ಕೃತಜ್ಞತೆಯ ಪುಟದಲ್ಲಿ ಒಂದು ಸಾಲು

ಕಲಬುರ್ಗಿಯಿಂದ ನಿಜಾಮರ ಊರಿಗೆ ಬಂದು ಇಲ್ಲಿನ ಅಬಿಡ್ಸ್‌ನಲ್ಲಿ ನಾವು ಥೀಸಿಸ್ ಅಂಗಡಿ ಇಟ್ಟುಕೊಂಡಿದ್ದೇವೆ. ಟೈಪಿಂಗ್ ನನ್ನದು, ಬೈಂಡಿಂಗ್ ಯಜಮಾನರದು. ಇಷ್ಟು ವರ್ಷಗಳಲ್ಲಿ ಎಷ್ಟೋ ಜನರನ್ನು ಡಾಕ್ಟರೇಟಿನ ದಡ ಮುಟ್ಟಿಸಿದ್ದೇನೆ. ಆದರೆ ಪ್ಯಾಲೆಸ್ಟೀನಿನ ಆ ವಿದ್ಯಾರ್ಥಿಯಷ್ಟು ನನ್ನನ್ನು ಸುಸ್ತು ಮಾಡಿದವರು ಬೇರೆ ಯಾರೂ ಇಲ್ಲ.

ಅವನ ವಿಷಯ ತನ್ನ ನಾಡಿನ ಒಬ್ಬ ನಾಯಕನ ರಾಜಕೀಯ ಜೀವನ. ಆ ನಾಯಕ ಹರೆಯದಲ್ಲಿ ಇಸ್ರೇಲಿನ ಜೈಲು ಕಂಡವನು, ಭದ್ರತಾ ಪಡೆಯ ಮುಖ್ಯಸ್ಥನಾದವನು, ಮಂತ್ರಿಯೂ ಆಗಿ ಕೊನೆಗೆ ತನ್ನ ಪಕ್ಷಕ್ಕೇ ಬೇಡವಾಗಿ ದೇಶ ಬಿಟ್ಟವನು. ಬಿಟ್ಟ ಮೇಲಾದರೂ ಸುಮ್ಮನಿರಬಾರದೇ? ಇವತ್ತು ವಾಪಸ್ ಬರುತ್ತಾನಂತೆ ಎಂದು ಸುದ್ದಿ, ನಾಳೆ ಇಲ್ಲವಂತೆ. ಪ್ರತಿ ಸುದ್ದಿಗೂ ನಮ್ಮ ವಿದ್ಯಾರ್ಥಿ ಮೆಹದಿಪಟ್ಟಣಂನಲ್ಲಿ ಬಸ್ ಹತ್ತಿ ಹಾಜರು, ಕೊನೆಯ ಅಧ್ಯಾಯ ಮತ್ತೆ ತಿದ್ದಬೇಕು. ಒಮ್ಮೆ ರೋಸಿಹೋಗಿ, ‘ಮುಖ್ಯಸ್ಥ’ ಎಂದಿರುವಲ್ಲೆಲ್ಲ ‘ಮಾಜಿ ಮುಖ್ಯಸ್ಥ’ ಮಾಡೆಂದು ಕಂಪ್ಯೂಟರಿಗೆ ಹೇಳಿಬಿಟ್ಟೆ. ನಾಯಕ ಅಧಿಕಾರಕ್ಕೆ ಬರುವ ಮೊದಲೇ ಮಾಜಿಯಾದ. ಅದನ್ನು ಸರಿಪಡಿಸಲು ಎರಡು ದಿನ ಹಿಡಿಯಿತು.

"ಈ ಮನಷ್ಯಾ ಒಂದ್ ಕಡೆ ಕುಂಡ್ರವಲ್ಲ, ನಾ ಬೈಂಡ್ ಮಾಡೂದರ ಯಾವಾಗ?" ಎಂದು ಯಜಮಾನರು ಗೊಣಗಿದರು.

ಅಂತೂ ಗೈಡ್ ಒಪ್ಪಿದರು. ಪ್ರಿಂಟ್ ತೆಗೆಯುವ ದಿನ ವಿದ್ಯಾರ್ಥಿ ಬಂದು, ಕೃತಜ್ಞತೆಯ ಪುಟದಲ್ಲಿ ಒಂದು ಸಾಲು ತೆಗೆಯಬೇಕು ಎಂದ. ಮತ್ತೆ ತಿದ್ದುಪಡಿಯೇ ಎಂದು ಮುಖ ಸಿಂಡರಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅದು ಅವನ ಅಪ್ಪನ ಹೆಸರಿದ್ದ ಸಾಲು. ಇಲ್ಲೇ ಕಲಿತ ಉರ್ದುವಿನಲ್ಲಿ, ನನ್ನನ್ನು ‘ಆಪಾ’ ಅಂದರೆ ಅಕ್ಕ ಎಂದು ಕರೆದು ಮೆಲ್ಲಗೆ ಹೇಳಿದ. ಅಪ್ಪ ಆ ನಾಯಕನ ಭದ್ರತಾ ಪಡೆಯಲ್ಲಿ ಗುಮಾಸ್ತರಾಗಿದ್ದರು. ಅರ್ಧ ಥೀಸಿಸ್ ಅವರು ಫೋನಿನಲ್ಲಿ ಹೇಳಿದ್ದೇ. ನಾಯಕನಿಗೆ ಹೋಗಲು ಬೇರೆ ದೇಶವಿತ್ತು, ಅಪ್ಪ ಅಲ್ಲೇ ಉಳಿದರು. ಈಗಲೂ ಆ ನಾಯಕನ ಕಡೆಯವರು ಎಂದು ಗೊತ್ತಾದರೆ ಸಾಕು, ಅಲ್ಲಿ ಆಳುವವರು ಮನೆಗೆ ಬಂದು ಕರೆದೊಯ್ಯುತ್ತಾರೆ. ಥೀಸಿಸ್ಸೋ ನಾಳೆ ಇಂಟರ್ನೆಟ್ಟಿಗೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು.

ಸಾಲು ಅಳಿಸಿದೆ. ಟೈಪ್ ಮಾಡಿದವರಿಗೂ ಕೊನೆಯಲ್ಲಿ ಒಂದು ವಂದನೆ ಹೇಳುವುದು ನಮ್ಮಲ್ಲಿ ರೂಢಿ. ಆ ಕೆಳಗಿನ ಸಾಲು ತಾನಾಗಿ ಮೇಲೇರಿ, ಅವನ ಅಪ್ಪನಿದ್ದ ಜಾಗದಲ್ಲಿ ನನ್ನ ಹೆಸರು ಬಂದು ನಿಂತಿತು. ನನಗೆ ನೋಡಲಾಗಲಿಲ್ಲ. ನನ್ನದನ್ನೂ ತೆಗೆದುಬಿಡುತ್ತೇನೆ ಎಂದೆ.

"ಬೇಡ ಆಪಾ. ಅಪ್ಪ ಈ ಪುಟ ನೋಡುತ್ತಾರೆ. ಅವರ ಜಾಗ ಖಾಲಿ ಕಾಣಬಾರದು," ಎಂದ.

ಐದು ಪ್ರತಿ ಪ್ರಿಂಟ್ ಕೊಟ್ಟೆ.