ಅಕ್ಕನ ಕೈ, ಒಂದೇ ಸೀಸೆ

ನಮ್ಮ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಜೀವಕೋಶ ಬೆಳೆಸುತ್ತಿರುವವರು ಅಕ್ಕ. ಪ್ರೊಫೆಸರರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಅಕ್ಕನೇ. ಅವರ ಕೈಯಲ್ಲಿ ಅಳತೆ ತಪ್ಪುವುದಿಲ್ಲ ಎಂದು ನಾವೆಲ್ಲ ಕಣ್ಣು ಮುಚ್ಚಿ ನಂಬಿದ್ದೆವು. ಕಳೆದ ವರ್ಷ ಆ ನಂಬಿಕೆಗೂ ಕಲ್ಲು ಬಿತ್ತು.

ಕೋಶದೊಳಗಿನ ಒಂದು ಪ್ರೋಟೀನಿನ ಕೆಲಸ ತಡೆದು ಬೆಳವಣಿಗೆ ನಿಲ್ಲಿಸುವ ಪುಟ್ಟ ಅಣುವಿನ ಔಷಧವೊಂದು ಬಂತು. ಕರಗಿಸಿದ ದಿನವೇ ಅಕ್ಕ, ಹತ್ತು ಸಣ್ಣ ಟ್ಯೂಬಿಗೆ ಹಂಚಿಡೋಣ, ಒಂದೊಂದೇ ತೆಗೆಯೋಣ, ಫ್ರೀಜರಿನಿಂದ ತೆಗೆದಾಗಲೆಲ್ಲ ಕರಗಿ ಮತ್ತೆ ಗಟ್ಟಿಯಾದರೆ ಸತ್ವ ಹೋಗುತ್ತದೆ ಎಂದರು. ಟ್ಯೂಬಿನ ಗೋಡೆಗೆ ಅಂಟಿಕೊಂಡೇ ಅರ್ಧ ಔಷಧ ಹಾಳಾಗುತ್ತದೆ ಎಂದರು ಪ್ರೊಫೆಸರ್. ನಡೆದದ್ದು ಪ್ರೊಫೆಸರರ ಮಾತೇ. ಒಂದೇ ಸೀಸೆ ದಿನಾ ಫ್ರೀಜರಿನಿಂದ ಹೊರಗೆ ಬಂತು, ದಿನಾ ಒಳಗೆ ಹೋಯಿತು.

ಎರಡು ವಾರ ಎಲ್ಲ ಸರಿಯಿತ್ತು. ಮೂರನೆಯ ವಾರ ಔಷಧ ಹಾಕಿದ ತಟ್ಟೆಯಲ್ಲೂ ಹಾಕದ ತಟ್ಟೆಯಲ್ಲೂ ಕೋಶಗಳು ಒಂದೇ ಸಮ ತುಂಬಿಕೊಂಡವು. ಬೈಗುಳ ತಿಂದದ್ದು ಸೀಸೆಯಲ್ಲ, ಅಕ್ಕ. ವಯಸ್ಸಾಯಿತು, ಕೈ ನಡುಗುತ್ತಿರಬೇಕು, ಇನ್ನೊಂದು ಸಲ ಹೀಗಾದರೆ ಬೆಂಚು ಬಿಟ್ಟು ಸ್ಟೋರ್ ನೋಡಿಕೊಳ್ಳಲಿ ಎಂದು ಪ್ರೊಫೆಸರ್ ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ತಲೆ ತಗ್ಗಿಸಿ ಮೀಟಿಂಗಿನ ಟಿಪ್ಪಣಿ ಬರೆಯುತ್ತಾ ಕೂತೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಂದು ಮನೆಯಲ್ಲಿ ಅಕ್ಕ ಲೋಟದ ತುಂಬ ನೀರು ಹಿಡಿದು ಕೈ ಚಾಚಿ, ನಡುಗುತ್ತಿದೆಯಾ ನೋಡಿ ಎಂದು ಗಂಡನನ್ನು ಕೇಳಿದರಂತೆ. ಅವರು ಟೈಲರ್, ಜೀವಮಾನವೆಲ್ಲ ಸೂಜಿಗೆ ದಾರ ಪೋಣಿಸಿದವರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರಂತೆ.

"ಒಂದ್ ಹನಿನೂ ಅಲ್ಲಾಡ್ತಿಲ್ಲ ಕಣೆ. ಈಗ ಆ ನೀರು ಕುಡಿ."

ಮರುದಿನವೇ ಅಕ್ಕ ಹೊಸ ಸೀಸೆ ತರಿಸಿ ಎಂದು ಪಟ್ಟು ಹಿಡಿದರು. ಅದು ಬಂದಾಗ ಯಾರನ್ನೂ ಕೇಳದೆ ಹತ್ತು ಟ್ಯೂಬಿಗೆ ಹಂಚಿದರು. ಒಂದು ತಟ್ಟೆಗೆ ಹೊಸದು, ಪಕ್ಕದ ತಟ್ಟೆಗೆ ಹಳೆಯದು ಹಾಕಿದರು. ಅದೇ ಕೈ, ಅದೇ ಅಳತೆ. ಮೂರು ದಿನ ಕಳೆದು ನೋಡಿದರೆ ಹೊಸದು ಹಾಕಿದಲ್ಲಿ ಕೋಶಗಳು ಬೆಳೆದೇ ಇರಲಿಲ್ಲ. ಹಳೆಯದು ಹಾಕಿದಲ್ಲಿ ತಟ್ಟೆ ತುಂಬಿತ್ತು.

ಪ್ರೊಫೆಸರ್ ಸೂಕ್ಷ್ಮದರ್ಶಕದಲ್ಲಿ ಎರಡನ್ನೂ ನೋಡಿದರು. ತಪ್ಪಾಯಿತೆಂಬ ಒಂದು ಮಾತು ಬರುತ್ತದೆಂದು ನಾವೆಲ್ಲ ಕಾದೆವು.

"ನೋಡಿದ್ರಾ ಅಕ್ಕಾ," ಎಂದರು, "ಮನಸ್ಸಿಟ್ಟು ಮಾಡಿದ್ರೆ ನಿಮ್ ಕೈ ಈಗ್ಲೂ ಚೆನ್ನಾಗೇ ಇದೆ."

ಅಕ್ಕ ಉಳಿದ ಒಂಬತ್ತು ಟ್ಯೂಬುಗಳನ್ನು ಫ್ರೀಜರಿನಲ್ಲಿಟ್ಟು ಬೀಗ ಹಾಕಿದರು. ಪ್ರೊಫೆಸರ್ ಕೀಲಿಗೆ ಕೈ ಚಾಚಿದರು. ಅಕ್ಕ ಅದನ್ನು ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು.

"ಬೇಕಾದಾಗ ಕೇಳಿ ಸರ್. ಒಂದೊಂದೇ ಕೊಡ್ತೀನಿ."