ಫ್ಲಾರೆನ್ಸಿಗೆ ಹೋಗಿಬಂದ ಕೊಡೆ

೨೦೨೩ನೆಯ ಇಸವಿ. ನನಗೆ ಐವತ್ತಮೂರು ವರ್ಷ ತುಂಬಿ ಎರಡು ತಿಂಗಳಾಗಿತ್ತು. ಮೇಷ್ಟರ ಕೆಲಸದಿಂದ ಸ್ವಯಂನಿವೃತ್ತಿ ಪಡೆದು, ತಿದ್ದಲು ಉತ್ತರಪತ್ರಿಕೆಗಳಿಲ್ಲದೆ, ನೆಂಟರ ಮದುವೆಯ ಕರೆಯೋಲೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅವರಿಗೇ ಹಿಂದಿರುಗಿಸುತ್ತಾ ಕಾಲ ಕಳೆಯುತ್ತಿದ್ದೆ. ಇಸವಿಯನ್ನೂ ವಯಸ್ಸನ್ನೂ ಮೊದಲೇ ನಮೂದಿಸುವುದಕ್ಕೆ ಕಾರಣವಿದೆ. ಮುಂದೆ ಬರುವ ಅಳತೆಗಳಲ್ಲೊಂದು ತಪ್ಪು; ಉಳಿದವಾದರೂ ಸರಿಯಾಗಿರಲಿ.

ತಪ್ಪಿದ್ದು ನನ್ನ ಕೊಡೆ.

ಕೊಂಡ ದಿನವೇ ಅದನ್ನು ಶಾಲೆಯ ಅಳತೆಗೋಲಿನ ಪಕ್ಕದಲ್ಲಿ ಮಲಗಿಸಿ ನೋಡಿದ್ದೆ. ತುದಿಯಿಂದ ಹಿಡಿಯವರೆಗೆ ಮೂವತ್ತಾರು ಅಂಗುಲ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ನಮ್ಮ ಸೀಮೆಯ ಅಪರೂಪದ ಮಳೆಯನ್ನು ಬಲ್ಲವರಿಗೆ ಇಲ್ಲಿ ಕೊಡೆಗೆ ಎಷ್ಟು ಬಿಡುವು ಎಂಬುದನ್ನು ವಿವರಿಸಬೇಕಾಗಿಲ್ಲ. ಆ ಬಿಡುವಿನಲ್ಲಿ ಅದು ಅಳೆಯುವ ವೃತ್ತಿಯನ್ನು ಹಿಡಿಯಿತು. ಪರೀಕ್ಷೆಯ ದಿನ ಬೆಂಚಿಗೂ ಬೆಂಚಿಗೂ ನಡುವೆ ಒಂದು ಕೊಡೆ; ಗದ್ದಲ ಮಾಡುವ ಹುಡುಗನಿಗೂ ಕಿಟಕಿಗೂ ನಡುವೆ ಎರಡು ಕೊಡೆ. ಕ್ರಮೇಣ ಆಂಡರ್ಸನ್‌ಪೇಟೆಯ ನಮ್ಮ ಬೀದಿಯವರೆಲ್ಲ ಮಂಚಕ್ಕೂ ಬಾಗಿಲಿಗೂ "ಮೇಷ್ಟ್ರ ಕೊಡೆ ತನ್ನಿ" ಎನ್ನುವಂತಾಯಿತು. ಭೂಮಿಯೊಳಗೆ ಮೈಲಿಗಟ್ಟಲೆ ಇಳಿದು ಚಿನ್ನ ತೆಗೆದವರ ಊರು ಇದು. ನೆಲದ ಮೇಲಿನ ಅಳತೆಗೆ ನಮ್ಮವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ.

ಆರು ವರ್ಷಗಳ ಹಿಂದೆ, ಪಕ್ಕದ ಮನೆಯ ಪಾಪಮ್ಮನ ನಿವೇಶನಕ್ಕೂ ನಮ್ಮದಕ್ಕೂ ನಡುವೆ ಗೋಡೆ ಹಾಕಿಸುವಾಗಲೂ ಕೊಡೆಯೇ ಅಳೆಯಿತು. ಕ್ಯಾಸಂಬಳ್ಳಿಯಿಂದ ಬಂದು ಹಾಲು ಮಾರಿಕೊಂಡಿರುವ ಆ ವಿಧವೆಗೆ ಅನ್ಯಾಯವಾಗಬಾರದೆಂದು ಅವಳ ಆಚೆಗಿನ ಗಡಿಯಿಂದಲೇ ಶುರುಮಾಡಿದೆ. ಅವಳ ಅಗಲ ಮೂವತ್ತಡಿ. ಲೆಕ್ಕವಾಗಿ ಹತ್ತು ಕೊಡೆ. ಗೋಡೆ ಎದ್ದಿತು. ಎದ್ದ ಮಾರನೆಯ ದಿನದಿಂದ ಪಾಪಮ್ಮನ ಹಸು ಕೆಂಪಿ, ಅವಳ ಮನೆಗೂ ಗೋಡೆಗೂ ನಡುವಿನ ಓಣಿಯಲ್ಲಿ ತಿರುಗಲಾರದೆ ಹೋಯಿತು. ಕೊಟ್ಟಿಗೆಗೆ ಮುಂದುಮುಂದಾಗಿ ಹೋಗುವುದು, ಬೆಳಿಗ್ಗೆ ಹಿಂದುಹಿಂದಾಗಿ, ಬಾಲವನ್ನೇ ಮುಂದುಮಾಡಿಕೊಂಡು, ಬೀದಿಗೆ ಬರುವುದು.

"ಏನ್ ಮೇಷ್ಟ್ರೇ, ನಿಮ್ ಕೊಡೆ ಐಕ್ಳುಗೆ ಒಡ್ಯಾಕ್ ಸರಿ, ಜಾಗ ಅಳ್ಯಾಕಲ್ಲ ಕಣ್ರೀ. ನಮ್ ಕೆಂಪಿ ಲಾರಿ ರಿವರ್ಸ್ ತಕ್ಕಂಡಂಗ್ ಬತ್ತದೆ!" ಎಂದು ಪಾಪಮ್ಮ ಆರು ವರ್ಷ ದಿನವೂ ಹೇಳಿದಳು. ಹಸು ದಪ್ಪವಾಗಿರಬೇಕು ಎಂದು ಆರು ವರ್ಷ ದಿನವೂ ನಾನು ಉತ್ತರಿಸಿದೆ.

ಆ ಅಕ್ಟೋಬರಿನಲ್ಲಿ, ವಾಸ್ತುಶಿಲ್ಪದ ನಾಲ್ಕನೆಯ ವರ್ಷದಲ್ಲಿದ್ದ ನನ್ನ ಮಗಳು ಮೇಖಲಾ, ಕಾಲೇಜಿನ ತಂಡದೊಂದಿಗೆ ರೋಮ್, ಸಿಯೆನಾ, ಫ್ಲಾರೆನ್ಸ್ ನಗರಗಳಿಗೆ ಅಧ್ಯಯನ ಪ್ರವಾಸ ಹೊರಟಳು. ಅಲ್ಲಿ ಮಳೆಯಂತೆ. ಬಂಗಾರಪೇಟೆ ನಿಲ್ದಾಣದಲ್ಲಿ ರೈಲು ಹೊರಡುವ ಮುನ್ನ ಕಿಟಕಿಯೊಳಗೆ ಕೊಡೆಯನ್ನು ತೂರಿಸಿದೆ. ಅವಳು ಮುಖ ಮುಚ್ಚಿಕೊಂಡಳು, ಆದರೆ ತೆಗೆದುಕೊಂಡಳು.

ಹತ್ತು ದಿನದ ಮೇಲೆ ಫ್ಲಾರೆನ್ಸಿನಿಂದ ಫೋನು. ನಾಲ್ಕು ಕಡೆಯೂ ಕಂಬಸಾಲಿರುವ ಹಳೆಯ ಚೌಕ ಅಂಗಳವೊಂದನ್ನು ಅಳೆದು ನಕ್ಷೆ ಬರೆಯುವುದು ಅವಳ ಪಾಲಿನ ಕೆಲಸ. "ಅಪ್ಪಾ, ಮೂರು ಕಡೆ ಆಯ್ತು. ಅಷ್ಟ್ರಲ್ಲಿ ನನ್ ಫ್ರೆಂಡು ಟೇಪನ್ನ ಅಂಗಳದ ಬಾವಿಗೆ ಬೀಳಿಸ್ಬಿಟ್ಲು. ಇನ್ನು ಅರ್ಧ ಗಂಟೇಲಿ ಬಾಗಿಲು ಹಾಕ್ತಾರೆ. ಕೊಡೆ ಎಷ್ಟುದ್ದ?"

ಆ ಕ್ಷಣ ನನ್ನ ಎದೆ ಉಬ್ಬಿದ್ದು ಎಷ್ಟು ಅಂಗುಲವೆಂಬುದನ್ನು ಅಳೆದವರಿಲ್ಲ. "ಮೂವತ್ತಾರು! ಧೈರ್ಯವಾಗಿ ಬರೆ!" ಎಂದೆ. ಊಟಕ್ಕೆ ಕುಳಿತಾಗ ಹೆಂಡತಿ ಸರೋಜಳಿಗೆ, ಅನ್ನ ಆರುವವರೆಗೆ, ಅಳತೆಯ ಇತಿಹಾಸವನ್ನು ಹೇಳಿದೆ: ಗೇಣು, ಮೊಳ, ಮಾರು, ಮನುಷ್ಯ ಮೊದಲು ಜಗತ್ತನ್ನು ಅಳೆದದ್ದು ತನ್ನ ಮೈಯಿಂದಲೇ. ವಾಮನನನ್ನು ನೆನೆದುಕೊಳ್ಳಿ. ಅವನ ಕೈಯಲ್ಲೂ ಕೊಡೆಯಿತ್ತು. ಆದರೂ ಮೂರು ಲೋಕವನ್ನು ಕಾಲಿನಿಂದ ಅಳೆದ. ಕೊಡೆಯನ್ನು ಅವನೇಕೆ ನಂಬಲಿಲ್ಲ ಎಂಬ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ.

ನವೆಂಬರಿನಲ್ಲಿ ಮಗಳು ಕೊಡೆಯೊಡನೆ, ಬಾಡಿದ ಮುಖದೊಡನೆ ಬಂದಳು. ಅಂಗಳದ ಮೂರು ಕಡೆ ತಲಾ ತೊಂಬತ್ತಾರು ಅಡಿ ನಾಲ್ಕು ಅಂಗುಲ. ಕೊಡೆ ಅಳೆದ ನಾಲ್ಕನೆಯ ಕಡೆ, ಮೂವತ್ತನಾಲ್ಕು ಕೊಡೆ, ಅಂದರೆ ನೂರೆರಡು ಅಡಿ. ಶತಮಾನಗಳಿಂದ ಚೌಕವಾಗಿದ್ದ ಅಂಗಳ ನನ್ನ ಮಗಳ ಕಾಗದದ ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು.

"ಸೋಮವಾರದೊಳಗೆ ಸರಿಮಾಡಿಲ್ಲ ಅಂದ್ರೆ ಈ ವಿಷಯಾನ ಇನ್ನೊಂದು ವರ್ಷ ಓದ್ಬೇಕು. ಸುಮ್ನೆ ತಿದ್ದೋ ಹಾಗಿಲ್ಲ, ಯಾಕೆ ತಪ್ಪಾಯ್ತು ಅಂತ ತೋರಿಸ್ಬೇಕು ಅಂದ್ರು ನಮ್ ಪ್ರೊಫೆಸರು. ಕೊಡೆ ಅಳೀಬೇಕಪ್ಪಾ."

ಕಾರಣ ತೋರಿಸದೆ ತಿದ್ದಬಾರದು ಎಂಬ ನಿಯಮವನ್ನು ಇಪ್ಪತ್ತೆಂಟು ವರ್ಷ ಪಾಠ ಹೇಳಿದವನು ನಾನು. ಆದರೆ ಆಗ ನನ್ನ ಕಣ್ಣಮುಂದೆ ಬಂದದ್ದು ಫ್ಲಾರೆನ್ಸಲ್ಲ, ಹಿಂದುಹಿಂದಾಗಿ ನಡೆಯುವ ಕೆಂಪಿ. ಕೊಡೆ ಗಿಡ್ಡವಾಗಿದ್ದರೆ ನನ್ನ ಗೋಡೆ ಕಳ್ಳಗೋಡೆ! ಇಟಲಿಯವರೇ ವಕ್ರವಾಗಿ ಕಟ್ಟಿರಬಹುದು ಎಂದೆ. ಚಳಿಗೆ ಕಲ್ಲು ಕುಗ್ಗುತ್ತದೆ, ಅದೂ ಮೂರೇ ಕಡೆ ಎಂದೆ. ಮನೆಯಲ್ಲಿ ಟೇಪಿಲ್ಲ ಎಂದೆ. ಅದು ಮಾತ್ರ ನಿಜದಂತೆ ಕಾಣಬಹುದಿತ್ತು. ಏಕೆಂದರೆ ಸರೋಜಳ ಹೊಲಿಗೆಯ ಟೇಪನ್ನು ಸುರುಳಿ ಸುತ್ತಿ ರಾಗಿ ಹಿಟ್ಟಿನ ಡಬ್ಬದಲ್ಲಿ ಅಡಗಿಸಿ ಬಂದಿದ್ದೆ.

ಮುದ್ದೆ ಇಲ್ಲದೆ ಸಂಜೆಯೇ ಆಗದ ಊರಿನಲ್ಲಿ ರಾಗಿ ಡಬ್ಬವನ್ನು ಆರಿಸಿಕೊಂಡದ್ದು ನನ್ನ ಎರಡನೆಯ ತಪ್ಪು. ಆರೂವರೆಗೆ ಸರೋಜ ಅಡುಗೆಮನೆಯಿಂದ, ನಾವು ಕುಳಿತಿದ್ದ ಹಿತ್ತಿಲಿಗೆ ಬಂದಳು. ಟೇಪಿನಿಂದ ಹಿಟ್ಟು ಉದುರುತ್ತಿತ್ತು.

"ಇದೇನು, ಮುದ್ದೇಗೆ ಒಗ್ಗರಣೆನಾ? ಹಿಡೀರಿ ಆ ಕೊಡೇನ."

ಹಿಡಿದೆ. ಅವಳು ಅಳೆದಳು. ಮೂವತ್ತನಾಲ್ಕು ಅಂಗುಲ.

ಆಗ ನೆನಪಾಯಿತು. ಗೋಡೆ ಏಳುವ ಹಿಂದಿನ ವರ್ಷ ಕೊಡೆಯನ್ನು ರಿಪೇರಿಗೆ ಕೊಟ್ಟಿದ್ದೆ. "ತುದಿ ತುಕ್ಕು ಸಾರ್, ಕೊಂಜ ಕಟ್ ಮಾಡಿ ಹೊಸಾ ಟೋಪಿ ಹಾಕಿದೀನಿ" ಎಂದು ರಿಪೇರಿಯವನು ಎದುರಿಗೇ ಹೇಳಿದ್ದ. ನಾನು ಆಗ ಅವನ ಅಂಗಡಿಯ ಫಲಕವನ್ನು ತಿದ್ದುವುದರಲ್ಲಿ ಮಗ್ನನಾಗಿದ್ದೆ.

ಮೇಖಲಾ ಬಾಯಲ್ಲೇ ಗುಣಿಸಿ, "ಮೂವತ್ನಾಲ್ಕು ಸಲ ಮೂವತ್ನಾಲ್ಕು... ತೊಂಬತ್ತಾರಡಿ ನಾಲ್ಕಂಗುಲ! ಚೌಕ!" ಎಂದು ಕುಣಿದಳು. ಗೋಡೆಯ ಆಚೆಯಿಂದ, ಹಾಲು ಕರೆಯುವ ಸದ್ದು ನಿಂತು, ಪಾಪಮ್ಮನ ತಲೆ ಮೇಲೆದ್ದಿತು. "ಅಂಗಾರೆ ನಂದೆಷ್ಟ್ ಓಗೈತೆ ಕಣವ್ವಾ?"

ಎಲ್ಲರೂ ನನ್ನನ್ನು ನೋಡಿದರು. ಹತ್ತು ಕೊಡೆಗೆ ಎರಡೆರಡು ಅಂಗುಲ. "ಇಪ್ಪತ್ತು ಅಂಗುಲ, ಪಾಪಮ್ಮ," ಎಂದೆ. "ತಪ್ಪು ನನ್ನದು. ಹಸು ದಪ್ಪವಾಗಿಲ್ಲ."

"ಅದ್ನ ಕೆಂಪಿಗೇ ಯೋಳಿ," ಎಂದಳು ಪಾಪಮ್ಮ. ಹೇಳಿದೆ.

ಕೊಡೆಯ ಉದ್ದವನ್ನು ದೃಢೀಕರಿಸಿ ನಾನು ಬರೆದುಕೊಟ್ಟ ಪತ್ರದೊಂದಿಗೆ ಮಗಳ ನಕ್ಷೆ ಸೋಮವಾರ ಸ್ವೀಕೃತವಾಯಿತು. ಡಿಸೆಂಬರಿನಲ್ಲಿ ಗೋಡೆ ಕೆಡವಿ, ಟೇಪು ಹಿಡಿದು, ಇಪ್ಪತ್ತು ಅಂಗುಲ ನಮ್ಮ ಕಡೆಗೆ ಸರಿಸಿ ಕಟ್ಟಿಸಿದೆ. ಅಲ್ಲಿಗೆ ಮುಗಿಯಿತೆಂದುಕೊಂಡರೆ ಕೆಂಪಿ ಒಪ್ಪಲಿಲ್ಲ. ಓಣಿ ಅಗಲವಾದ ಮೇಲೂ ಅದು ಹಿಂದುಹಿಂದಾಗಿಯೇ ಬರುತ್ತಿತ್ತು. "ನಿಮ್ತಾವ ಕಲ್ತಿದ್ದಲ್ವಾ ಮೇಷ್ಟ್ರೇ, ಅಷ್ಟ್ ಬೇಗ ಮರೀತದಾ?" ಎಂದಳು ಪಾಪಮ್ಮ. ದಿನವೂ ಬೆಳಿಗ್ಗೆ ಹುಲ್ಲಿನ ಕಟ್ಟು ಹಿಡಿದು ಓಣಿಯ ಬಾಯಲ್ಲಿ ನಾನೇ ನಿಲ್ಲತೊಡಗಿದೆ. ತಪ್ಪು ಮಾಡುವುದಕ್ಕೆ ಒಂದು ಕೊಡೆ ಸಾಕು. ಅದನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಮಾತು ಸಾಕು. ತಪ್ಪಿಗೆ ಹೊಂದಿಕೊಂಡವರು ಅದನ್ನು ಮರೆಯುವುದಕ್ಕೆ ಮಾತ್ರ ಎದುರಿಗೆ ಯಾರಾದರೂ ಹುಲ್ಲು ಹಿಡಿದು ಕಾಯಬೇಕು.

ಕೆಂಪಿ ನಡು ಓಣಿಯಲ್ಲಿ ನಿಂತು, ಯೋಚಿಸಿ, ಎಡಕ್ಕೆ ಪೂರ್ತಿ ತಿರುಗಿ, ಮುಖವನ್ನೇ ಮುಂದುಮಾಡಿಕೊಂಡು ಬೀದಿಗೆ ಬಂದದ್ದು ೨೦೨೪ನೆಯ ಇಸವಿ ಫೆಬ್ರವರಿ ಹನ್ನೊಂದು, ಭಾನುವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ.