ಗೋಣಿಚೀಲದ ಮೇಲೆ ಬಡಿದ ರೊಟ್ಟಿ

ಇವತ್ತು ಬೆಳಿಗ್ಗೆ ಮಹಡಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಸಾಸಿವೆ ಎಣ್ಣೆ ಕಾಯ್ದ ವಾಸನೆ ಬಂತು. ಬೆಟಗೇರಿಯ ನಮ್ಮ ಮನೆಯ ಕೆಳಗಿನ ಖೋಲಿಯಲ್ಲಿ ಬಿಹಾರದ ಹರೆಯದ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಗಂಡ ಮುಂಡರಗಿ ಕಡೆ ಗಾಳಿಯಂತ್ರದ ಕಂಬ ನಿಲ್ಲಿಸುವ ಕೆಲಸಕ್ಕೆ ಹೋಗುತ್ತಾನೆ. ಸಿಟ್ಟಿನಿಂದ ಬಗ್ಗಿ ನೋಡಿದೆ. ಇಂಥ ಬಿಸಿಲಲ್ಲೂ ಅವರ ಕಿಟಕಿ ಬಿಗಿಯಾಗಿ ಮುಚ್ಚಿತ್ತು. ಮುಚ್ಚಿಸಿದವಳು ನಾನೇ. ಖೋಲಿ ಕೊಡುವಾಗ, "ನಿಮ್ಮ ಅಡಗಿ ವಾಸನಿ ಹೊರಗ ಬರಬಾರ್ದು ನೋಡವಾ" ಎಂದು ಮಾಲಕಿಯ ಗತ್ತಿನಲ್ಲಿ ಹೇಳಿದ್ದೆ. ಬಾಡಿಗೆ ಮನೆಯಲ್ಲಿ ಬೆಳೆದವರಿಗೆ ಈ ಗತ್ತು ತುಸು ಹೆಚ್ಚೇ ಬರುತ್ತದೆ, ನಂಬಿ.

ಆಗ ನನಗೆ ಹದಿನಾರು. ಮಗ್ಗ ನಿಂತ ಮೇಲೆ ಅಪ್ಪ, ಅವ್ವ ನನ್ನನ್ನೂ ಕರೆದುಕೊಂಡು ಗಡಿ ದಾಟಿ ಗೋವಾಕ್ಕೆ ಕಟ್ಟಡ ಕೆಲಸಕ್ಕೆ ಹೋದರು. ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತರೆ ಗಂಟು ಹೊತ್ತವರನ್ನಷ್ಟೇ ಇಳಿಸುತ್ತಿದ್ದರು. ಬಿಚ್ಚಿದರೆ ಸಿಗುತ್ತಿದ್ದದ್ದು ಜೋಳದ ಹಿಟ್ಟು, ಶೇಂಗಾ ಚಟ್ನಿ. ಅಲ್ಲಿ ನಮಗೆಲ್ಲ ಒಂದೇ ಹೆಸರು, ಘಾಟಿ. ಘಟ್ಟದಾಚೆಯಿಂದ ಬಂದವರು ಎಂದರ್ಥ. ಅವರು ಹೇಳುವ ಧಾಟಿಯಲ್ಲಿ ಅದು ಬೈಗುಳ.

ನಮ್ಮ ಖೋಲಿಯ ಮಾಲಕಿಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳವೆಂದರೆ ಆಗುತ್ತಿರಲಿಲ್ಲ. ಘಾಟಿಗಳ ಬಡಿತ ಶುರುವಾಯಿತು ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದಳು. ನನಗೆ ನಾಚಿಕೆಯಾಗಿ, ಗೋಣಿಚೀಲ ಮಡಚಿ ಅವ್ವನ ರೊಟ್ಟಿ ಹಲಗೆಯ ಕೆಳಗಿಟ್ಟೆ. ಅಂದಿನಿಂದ ಅವ್ವ ಅಂಗೈ ಸಡಿಲು ಬಿಟ್ಟು ಬಡಿದಳು, ರೊಟ್ಟಿ ದಪ್ಪಗಾಗತೊಡಗಿದವು. ಅಪ್ಪ ತಲೆ ಎತ್ತದೆ ತಿಂದು ಎದ್ದು ಹೋಗುತ್ತಿದ್ದ.

ಒಮ್ಮೆ ಹಿರೇವಡ್ಡಟ್ಟಿಯಿಂದ ಸೋದರಮಾವ ಜೋಳದ ಹಿಟ್ಟು ಹೊತ್ತು ಬಂದ. ಒಲೆಯ ಮುಂದೆ ಕುಳಿತು ನೋಡಿ, "ಯಕ್ಕಾ, ಕಳುವು ಮಾಡಿದವ್ರಂಗ ಯಾಕ ರೊಟ್ಟಿ ಬಡ್ಯಾಕತ್ತಿ?" ಎಂದು ಕೇಳಿದ.

ಮರುದಿನ ಅವ್ವ ಗೋಣಿಚೀಲ ಎಳೆದು ನನ್ನ ಮುಂದೆ ಹಾಕಿದಳು. ಆಮೇಲೆ ಬಡಿದಳು ನೋಡಿ, ಹಲಗೆಯಲ್ಲ, ಗೋಡೆಯೇ ಅಲುಗಬೇಕು! ಮಾಲಕಿ ಬಾಗಿಲಿಗೆ ಬಂದಳು. ಅವ್ವ ಕೈ ನಿಲ್ಲಿಸದೆ ಕನ್ನಡದಲ್ಲೇ ಹೇಳಿದಳು: "ನಿಮ್ಮ ಮ್ಯಾಲಿನ ಮನಿ ಕಟ್ಟಾಕ ಇದs ಕೈಲೆ ಕಲ್ಲು ಹೊತ್ತೇನ್ರಿ. ಅವತ್ತಿನ ಸಪ್ಪಳ ನಿಮಗ ಕೇಳಿಸ್ಲಿಲ್ಲೇನು?"

ಮಾಲಕಿಗೆ ಅರ್ಥವಾಯಿತೋ ಇಲ್ಲವೋ, ತಿಂಗಳೊಳಗೆ ಖೋಲಿ ಬಿಡಿಸಿದಳು. ಬಾಗಿಲಲ್ಲೇ ನಳ ಇದ್ದ ಖೋಲಿ ಹೋಯಿತೆಂದು ನಾನು ವಾರಗಟ್ಟಲೆ ಅವ್ವನ ಸಂಗಡ ಮಾತು ಬಿಟ್ಟೆ. ಅವಳು ಮಾತ್ರ ರೊಟ್ಟಿ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಓಣಿಯ ನಟ್ಟನಡುವೆ ನಡೆದಳು. ಅಂಥ ತಾಯಿಯ ಮಗಳೆಂದು ಇವತ್ತು ನನಗೆ ಎಲ್ಲಿಲ್ಲದ ಹೆಮ್ಮೆ. ಆ ಹೆಮ್ಮೆಯ ಮಗಳೇ ಈ ಬಿಹಾರದವರ ಕಿಟಕಿ ಮುಚ್ಚಿಸಿದ್ದಳು.

ಚಹಾ ಅಲ್ಲೇ ಬಿಟ್ಟು ಕೆಳಗಿಳಿದು ಬಾಗಿಲು ಬಡಿದೆ. ಆ ಹುಡುಗಿ ಬೆವರು ಒರೆಸಿಕೊಳ್ಳುತ್ತ, ಹೆದರಿ, ನಮ್ಮ ಓಣಿಯಲ್ಲಿ ಕಲಿತ ಕನ್ನಡದಲ್ಲೇ ಕೇಳಿದಳು: "ವಾಸನಿ ಬಂತೇನ್ರಿ?"

"ಬಂತವಾ. ಅದಕ್ಕs ಬಂದೆ. ಮೊದಲ ಆ ಕಿಡಕಿ ತೆಗಿ."

ಅವಳು ಅನುಮಾನಿಸುತ್ತ ನಿಂತಳು. ನಾನೇ ಒಳಹೋಗಿ ಕಿಟಕಿಯ ಎರಡೂ ಕದ ತೆರೆದೆ. ಎದುರು ಮನೆಯಾಕೆ ಮೂಗಿಗೆ ಸೆರಗು ಹಿಡಿದು, "ಏನ್ರಿ ಅದು ವಾಸನಿ?" ಎಂದಳು.

"ನಮ್ಮ ಮನಿ ಅಡಗಿರಿ" ಎಂದೆ.